ದಿವಂಗತ ಲಾಲಸಾಬರ ಮೈದಾನ

ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತನಾದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾರು ಯಾವ ಜಾಗದ ಹೆಸರು ಹೇಳಿದರೂ "ಅದು ನನಗೆ ಗೊತ್ತು" ಎನ್ನುವ ರೋಗ. ಸಿಂದಗಿಯ ನಮ್ಮ ಓಣಿಯ ವಾಚನಾಲಯಕ್ಕೆ ಹೊಸ ಕಟ್ಟಡ ಬಂದಾಗ ಆ ರೋಗ ಉಲ್ಬಣಿಸಿತು.

ವಾಚನಾಲಯ ಸಮಿತಿಯ ಅಧ್ಯಕ್ಷರು ಬಟ್ಟೆ ವ್ಯಾಪಾರಿ ಶಿವಪ್ಪ ಸಾಹುಕಾರರು. ಅವರು ಸಭೆಯಲ್ಲಿ ಹೇಳಿದರು, "ನಮ್ಮ ಊರಾಗ ಹಿಂದ ಇದ್ದ ದೊಡ್ಡವರು ಯಾವ ಯಾವ ಮನ್ಯಾಗ ಇದ್ರು, ಆಟದ ಟೀಮಿನವರು ಎಲ್ಲಿ ಆಡ್ತಿದ್ರು, ಎಲ್ಲಾ ಹುಡುಕಿ ಒಂದು ಪುಸ್ತಕ ಮಾಡೂಣು. ಆ ಜಾಗಕ್ಕೆ ಬೋರ್ಡೂ ಹಾಕೂಣು. ಯಾರು ಹುಡುಕ್ತೀರಿ?"

ಎಲ್ಲರೂ ಮೊಬೈಲು ನೋಡತೊಡಗಿದರು. ನಾನು ಕೈ ಎತ್ತಿದೆ. ಎಂಟು ದಿನ ಸಾಕು ಅಂದೆ.

ಮನೆಗೆ ಬಂದು ಹೆಂಡತಿ ಕಸ್ತೂರಿಗೆ ಈ ಶುಭವಾರ್ತೆ ತಿಳಿಸಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಮೊನ್ನೆ ನಮ್ಮ ತಂಗಿ ಹೊಸಾ ಮನಿ ಹುಡುಕಲಿಕ್ಕೆ ಮನಗೂಳಿಯಾಗ ಮೂರು ಸುತ್ತು ಹಾಕಿದ್ರಿ. ನೆನಪೈತೇನು?"

ಸಂಶೋಧಕರಿಗೆ ಮನೆಯಲ್ಲಿ ಪ್ರೋತ್ಸಾಹ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊದಲು ಕೈಗೆತ್ತಿಕೊಂಡದ್ದು ಒಬ್ಬ ಹಳೆಯ ಪೈಲ್ವಾನನ ಮನೆ. ಮೂರು ಮನೆಯವರು ಪೈಲ್ವಾನ ತಮ್ಮಲ್ಲೇ ಇದ್ದ ಎಂದು ಚಹಾ ಕುಡಿಸಿ ಸಾಬೀತು ಮಾಡಿದರು. ನಾಲ್ಕನೆಯ ಮನೆಯ ಮುದುಕಿ ಮಾತ್ರ ನಿಜ ಹೇಳಿದಳು. "ನಮ್ಮಲ್ಲಿ ಇರಲಿಲ್ಲಪಾ. ಊಟಕ್ಕ ಬರ್ತಿದ್ದ." ನಾನು ಮೂರೂ ಮನೆಗಳನ್ನು ಬರೆದುಕೊಂಡೆ. ಪೈಲ್ವಾನ ದೊಡ್ಡ ಆಳು, ಒಂದೇ ಮನೆಯಲ್ಲಿ ಹಿಡಿಸಿರಲಿಕ್ಕಿಲ್ಲ.

ಆಮೇಲೆ ವಾಲಿಬಾಲ್ ತಂಡ. ನಮ್ಮೂರಲ್ಲಿ ಒಂದು ಕಾಲಕ್ಕೆ ಭಾರೀ ತಂಡವಿತ್ತು. ಇಂಡಿಯವರು, ಮುದ್ದೇಬಿಹಾಳದವರು, ಬಾಗೇವಾಡಿಯವರು ಬಂದು ಸೋತು ಹೋಗುತ್ತಿದ್ದರಂತೆ. ಅದರ ಕ್ಯಾಪ್ಟನ್ ಲಾಲಸಾಬ. ಅವನು ಎಗರಿ ಹೊಡೆದ ಚೆಂಡನ್ನು ಪಕ್ಕದ ಯಂಕಂಚಿ ಊರಿನ ತನಕ ಹೋಗಿ ಹುಡುಕಿ ತಂದರು ಎಂದು ಚಾದಂಗಡಿಯ ಕಟ್ಟೆಯಲ್ಲಿ ಕೂತ ಹಿರಿಯರೊಬ್ಬರು ಪ್ರಮಾಣ ಮಾಡಿ ಹೇಳಿದರು.

"ಈಗ ಎಲ್ಲಿ ಅದಾರ್ರಿ ಲಾಲಸಾಬ?" ಎಂದು ಕೇಳಿದೆ.

"ಲಾಲಸಾಬ? ಅಂವಾ ಹೋಗಿ ಭಾಳ ವರ್ಷ ಆತಲ್ರಿ."

ನಾನು ಪೆನ್ನು ಮುಚ್ಚಿ ತಲೆ ತಗ್ಗಿಸಿ ಒಂದು ನಿಮಿಷ ಮೌನ ಆಚರಿಸಿದೆ. ಹಿರಿಯರು ನನಗೆ ನಿದ್ದೆ ಬಂತು ಎಂದು ತಿಳಿದು ಎದ್ದು ಹೋದರು. ಎಲ್ಲಿಗೆ ಹೋದ ಎಂದು ನಾನು ಕೇಳಲಿಲ್ಲ. ಹೋದ ಅಂದ ಮೇಲೆ ಇನ್ನೆಲ್ಲಿಗೆ ಹೋಗುತ್ತಾರೆ!

ಮೈದಾನ ಎಲ್ಲಿತ್ತು ಎಂಬುದಕ್ಕೆ ಎಲ್ಲರದೂ ಒಂದೇ ಉತ್ತರ, "ಕೆರಿ ಹಿಂದ." ಸಾಮಾನ್ಯ ಮನುಷ್ಯನಾಗಿದ್ದರೆ ನಡೆದುಹೋಗಿ ನೋಡುತ್ತಿದ್ದ. ನಾನು ಭೂಗೋಳದವನು. ನಕಾಶೆ ಹಾಸಿ, ಉತ್ತರ ದಿಕ್ಕಿಗೆ ಮುಖ ಮಾಡಿ ಕೂತು, ಕೆರೆಯ ಹಿಂಭಾಗವನ್ನು ಶಾಸ್ತ್ರೋಕ್ತವಾಗಿ ನಿರ್ಣಯಿಸಿದೆ. ಅಲ್ಲಿ ಬೋರ್ಡು ನಿಲ್ಲಿಸಲಾಯಿತು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: "ದಿವಂಗತ ಲಾಲಸಾಬರ ವಾಲಿಬಾಲ್ ತಂಡ ಆಡಿದ ಮೈದಾನ." ಪುಸ್ತಕವೂ ಅಚ್ಚಿಗೆ ಹೋಯಿತು.

ಬೋರ್ಡಿನ ಪರದೆ ಸರಿಸುವ ದಿನ ಐವತ್ತು ಅರವತ್ತು ಜನ ಸೇರಿದ್ದರು. ಸಾಹುಕಾರರು ದಿವಂಗತರ ಆತ್ಮಕ್ಕೆ ಶಾಂತಿ ಕೋರಿದರು. ಜನ ಚದುರಿದ ಮೇಲೂ ಒಬ್ಬ ಮುದುಕ ಬೋರ್ಡಿನ ಎದುರು ನಿಂತು ಬೆರಳಿಟ್ಟು ಓದುತ್ತಿದ್ದ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು, ಕೈಗಳು ಮೊರದಷ್ಟು ಅಗಲ.

"ಮಾಸ್ತರ, ಇದರಾಗ ಒಂದು ತಪ್ಪೈತ್ರಿ," ಅಂದ.

"ಒತ್ತಕ್ಷರದಾಗೇನು?" ಎಂದು ಕನ್ನಡಕ ಹಾಕಿಕೊಂಡೆ.

"ಒತ್ತಕ್ಷರ ಬರೋಬರಿ ಅದಾವ್ರಿ. ನಾ ಇನ್ನೂ ಅದೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೋರ್ಡಿನ ಬುಡದಲ್ಲೇ ಕೂತೆ.

"ಮತ್ತ... ನೀವು ಹೋಗಿದ್ರಿ ಅಂದ್ರಲ್ಲ?"

"ಹೋಗಿದ್ದೇರಿ. ಮುದ್ದೇಬಿಹಾಳಕ್ಕ, ಮಗಳ ಮನಿಗೆ. ಹೋದ ವರ್ಷ ತಿರುಗಿ ಬಂದೀನಿ. ಜೀಪಿನಾಗ ಕೂಗಿಕೊಂಡು ಹೊಂಟಿದ್ರು, ಲಾಲಸಾಬನ ಬೋರ್ಡಂತ. ನೋಡೂಣು ಅಂತ ಬಂದೆ." ಆಮೇಲೆ ಸಂಕೋಚದಿಂದ ಸೇರಿಸಿದರು, "ಇನ್ನೊಂದು ಮಾತ್ರಿ. ನಾವು ಇಲ್ಲಿ ಆಡತಿರಲಿಲ್ಲ."

"ಕೆರಿ ಹಿಂದ ಅಂದ್ರಲ್ರಿ ಎಲ್ಲಾರೂ."

"ಹೌದ್ರಿ, ಕೆರಿ ಹಿಂದನ. ಬರ್ರಿ, ತೋರಸ್ತೇನಿ."

ಕೆರೆ ಸುತ್ತಿಕೊಂಡು ಆಚೆ ದಂಡೆಗೆ ನಡೆದೆವು. ದಾರಿ ನನಗೆ ಪರಿಚಿತ ಅನ್ನಿಸಿತು. ಒಂದು ಕಾಲೋನಿ ಬಂತು. ಅದೂ ಪರಿಚಿತ. ಒಂದು ಗೇಟಿನ ಮುಂದೆ ಲಾಲಸಾಬರು ನಿಂತರು. ಅದು ನನ್ನ ಮನೆಯ ಗೇಟು.

ಕಸ್ತೂರಿ ಹೊರಗೆ ಬಂದಳು. ಲಾಲಸಾಬರು ನಮ್ಮ ಮುಂಗಟ್ಟೆ ತೋರಿಸಿ, "ನೆಟ್ಟಿನ ಒಂದು ಕಂಬ ಇಲ್ಲಿತ್ರಿ. ಇನ್ನೊಂದು ನಿಮ್ಮ ನೀರಿನ ಟಾಕಿ ಐತಲ್ರಿ, ಅಲ್ಲಿ," ಅಂದರು.

"ಇಷ್ಟು ಬರೋಬರಿ ಹೆಂಗ ಹೇಳ್ತೀರಿ?" ಸಂಶೋಧಕ ನಾನು, ಸಾಕ್ಷ್ಯ ಕೇಳಬೇಕಲ್ಲ.

"ಈ ಮನಿ ಬುನಾದಿ ಅಗದಾವ ನಾನಽ ಅಲ್ಲೇನ್ರಿ."

ನಾನು ಅವರ ಮುಖ ನೋಡಿದೆ. ಏನೂ ನೆನಪಾಗಲಿಲ್ಲ. ಕಸ್ತೂರಿಗೆ ನೆನಪಾಯಿತು. "ಅಯ್ಯ, ಹೌದಲ್ರಿ. ಎರಡು ತಿಂಗಳು ದಿನಾ ಬರ್ತಿದ್ರು. ನಾ ಪುಂಡಿಪಲ್ಯ ಕೊಟ್ರ ಇನ್ನೊಂದು ರೊಟ್ಟಿ ಕೇಳ್ತಿದ್ರು," ಎಂದು ಒಳಗಿನಿಂದ ಕುರ್ಚಿ ತಂದಳು.

"ಹೆಸರು ಹೇಳಬೇಕಿತ್ತಲ್ರಿ ಆವಾಗ," ಅಂದೆ ನಾನು, ತಪ್ಪನ್ನು ಅವರ ಕಡೆ ಸ್ವಲ್ಪ ಸರಿಸುವ ಪ್ರಯತ್ನದಲ್ಲಿ.

"ನೀವು ಕೇಳಲಿಲ್ಲಲ್ರಿ. 'ಏ ಉದ್ದನಾವ' ಅಂತಿದ್ರಿ, ನಾ ಓ ಅಂತಿದ್ದೆ. ಅಗಿಯೂವಾಗ ಆ ಕಂಬ ಸಿಕ್ತು. ಇದನ್ನೇನು ಮಾಡ್ಲಿರಿ ಅಂತ ಕೇಳಿದೆ. 'ಕಿತ್ತೊಗಿ' ಅಂದ್ರಿ."

ದೂರುವ ದನಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಚಹಾ ಕುಡಿದು, ಕಪ್ಪನ್ನು ತೊಳೆದಿಡಲು ಎದ್ದರು. ಕಸ್ತೂರಿ ಕಸಿದುಕೊಂಡಳು. ಅವರು ಹೋದ ಮೇಲೆ ನನ್ನನ್ನು ಕೇಳಿದಳು, "ಹಂಗಾದ್ರ ಬೋರ್ಡು ನಮ್ಮ ಗೇಟಿಗೆ ಹಾಕಬೇಕಲ್ಲ?"

"ಅದು ಸಮಿತಿಯ ತೀರ್ಮಾನಕ್ಕೆ ಬಿಟ್ಟ ವಿಷಯ," ಅಂದೆ. ಗೇಟಿಗೆ ಹೊಸ ಬಣ್ಣ ಹಚ್ಚಿಸಿ ತಿಂಗಳಾಗಿರಲಿಲ್ಲ.

ಮರುದಿನ ಸಾಹುಕಾರರ ಅಂಗಡಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಎಲ್ಲವನ್ನೂ ಅಂದರೆ ಗೇಟಿನ ಸಂಗತಿ ಬಿಟ್ಟು. ಸಾಹುಕಾರರು ಸೀರೆ ಮಡಚುತ್ತಲೇ ಕೇಳಿ, "ಬೋರ್ಡು ನಿಂತೈತಿ, ಪುಸ್ತಕ ಅಚ್ಚಾಗಿ ಬಂದೈತಿ. ಈಗ ಲಾಲಸಾಬನ್ನ ಬದುಕಸಾಕ ಆಗೂದಿಲ್ಲ, ಮಾಸ್ತರ," ಅಂದರು.

ಕಡೆಗೆ ಒಂದು ಚೀಟಿಗೆ ಒಪ್ಪಿದರು. "ಪುಟ ಹದಿನೇಳರಲ್ಲಿ 'ದಿವಂಗತ' ಎಂಬಲ್ಲಿ 'ಶ್ರೀ' ಎಂದು ಓದಿಕೊಳ್ಳತಕ್ಕದ್ದು." ಎಲ್ಲ ಪ್ರತಿಗಳಲ್ಲೂ ನಾನೇ ಕೂತು ಚೀಟಿ ಇಟ್ಟೆ. ಅಂಟಿಸಲಿಲ್ಲ. ಕಟ್ಟು ಎತ್ತಿದಾಗ ಅರ್ಧಕ್ಕರ್ಧ ಉದುರಿದವು.

ಒಂದು ಪ್ರತಿ ಹಿಡಿದು ಲಾಲಸಾಬರ ಮನೆಗೆ ಹೋದೆ. ಒಂದೇ ಕೋಣೆ, ಬಾಗಿಲಲ್ಲಿ ಚಾಪೆ. ಕ್ಷಮೆ ಕೇಳಲು ಮೂರು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಅವರು ಮೊದಲನೆಯದಕ್ಕೇ ಕೈ ಅಡ್ಡ ಹಿಡಿದರು.

"ಇರ್ಲಿ ಬಿಡ್ರಿ ಮಾಸ್ತರ. ತಿರುಗಿ ಬಂದು ವರ್ಷ ಆತು, ಯಾರೂ ಮಾತಾಡ್ಸಿರಲಿಲ್ಲ. ಸತ್ತಾನ ಅಂತ ಬೋರ್ಡು ಹಾಕಿದ ಮ್ಯಾಲೆ ಓಣಿ ಮಂದಿ ನಿಂತು ಮಾತಾಡ್ಸಾಕತ್ತಾರ."

ಉಳಿದ ಎರಡು ವಾಕ್ಯಗಳನ್ನು ನುಂಗಿಕೊಂಡು ಮನೆಗೆ ಬಂದೆ.

ಪುಸ್ತಕ ಬಿಡುಗಡೆಯ ದಿನ ಸಮಿತಿಯವರು "ನಮ್ಮೂರ ಇತಿಹಾಸ ಬಯಲಿಗೆಳೆದ ಸಂಶೋಧಕರು" ಎಂದು ನನ್ನನ್ನು ವೇದಿಕೆಗೆ ಕರೆದರು. ಸಾಹುಕಾರರು ಶಾಲು ಹೊದಿಸಿದರು. ಲಾಲಸಾಬರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕುರ್ಚಿ ಸಿಕ್ಕಿರಲಿಲ್ಲ. ಈ ಶಾಲು ಅವರದು ಎಂದು ಹೇಳಿ, ಕೆಳಗಿಳಿದು ಅವರ ಹೆಗಲಿಗೆ ಹಾಕಬೇಕೆಂದು ರಾತ್ರಿಯೇ ನಿರ್ಧರಿಸಿದ್ದೆ. ಮೈಕು ಕೈಗೆ ಬಂತು. ಶಾಲು ಬೆಚ್ಚಗಿತ್ತು. ಜನ ನನ್ನನ್ನೇ ನೋಡುತ್ತಿದ್ದರು.

"ಇದು ನನ್ನ ಅಲ್ಪ ಪ್ರಯತ್ನ," ಅಂದು ಕೂತುಬಿಟ್ಟೆ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಲಾಲಸಾಬರು. ಆ ಇಡೀ ಸಂಶೋಧನೆಯಲ್ಲಿ ನಾನು ತಪ್ಪಿಲ್ಲದೆ ಆಡಿದ ಒಂದೇ ಶಬ್ದ ಆ 'ಅಲ್ಪ.'