ಎಂಟನೇ ನಂಬರಿನ ಬೂಟು

ನಮ್ಮ ಸೀಮೆಯಲ್ಲಿ ಯಾರೂ ಇವತ್ತಿನ ಅಳತೆಗೆ ಬಟ್ಟೆ ಹೊಲಿಸುವುದಿಲ್ಲ. "ಬೆಳೆಯೋ ಮಕ್ಕಳು, ಸ್ವಲ್ಪ ದೊಡ್ಡದಾಗೇ ಇರಲಿ" ಎನ್ನುವುದು ಹುಟ್ಟಿದ ಮಗುವಿಗೆ ಸಿಗುವ ಮೊದಲ ಆಶೀರ್ವಾದ. ನನ್ನ ಒಂದನೇ ಕ್ಲಾಸಿನ ಚಡ್ಡಿ ಮೊಣಕಾಲು ದಾಟಿ ಮೀನಖಂಡ ಮುಟ್ಟುತ್ತಿತ್ತು. ಅದು ನನಗೆ ಸರಿಯಾಗಿ ಕೂರುವ ಹೊತ್ತಿಗೆ ಹಿಂದೆ ಎರಡು ಕಡೆ ತೇಪೆ ಬಿದ್ದು ತಮ್ಮನ ಪಾಲಾಯಿತು. ನನ್ನ ಮದುವೆಯ ಕೋಟನ್ನೂ ಅಪ್ಪ ದೊಡ್ಡದಾಗಿಯೇ ಹೊಲಿಸಿದ್ದರು. ಆಗ ನನಗೆ ಇಪ್ಪತ್ತೊಂಬತ್ತು. "ಇರ್ಲಿ, ಬೆಳೀತಾನೆ" ಎಂದಿದ್ದರು. ಬೆಳೆದೆ, ಆದರೆ ಅವರು ಲೆಕ್ಕ ಹಾಕಿದ್ದು ಉದ್ದಕ್ಕೆ, ನಾನು ಬೆಳೆದದ್ದು ಅಡ್ಡಕ್ಕೆ. ಇಷ್ಟೆಲ್ಲ ಅನುಭವ ಇದ್ದೂ ನಾನು ಬೂಟಿನ ವಿಷಯದಲ್ಲಿ ಎಡವಿದೆ ಎನ್ನುವುದನ್ನು ಒಪ್ಪಿಕೊಂಡುಬಿಡುತ್ತೇನೆ.

ನಾನು ಐ.ಡಿ.ಹಳ್ಳಿ ಹೋಬಳಿಯ ಒಂದು ಸರ್ಕಾರಿ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕ. ಪ್ರಭಾರ ಎಂದರೆ ಸಂಬಳ ಸಹಶಿಕ್ಷಕನದು, ಬೈಗುಳ ಮುಖ್ಯ ಶಿಕ್ಷಕನದು. ದಿನಾ ಮಧುಗಿರಿಯಿಂದ ಬಸ್ಸಿನಲ್ಲಿ ಬರುತ್ತೇನೆ. ನನ್ನ ಮುಖ್ಯ ಕೆಲಸ ಸರ್ಕಾರದ ಸುತ್ತೋಲೆಗಳನ್ನು ಪೋಷಕರ ಗಮನಕ್ಕೆ ತರುವುದು. ನಿಮ್ಮ ಮಗುವಿಗೆ ಮೊಟ್ಟೆ ಬೇಕೋ ಬಾಳೆಹಣ್ಣು ಬೇಕೋ, ಜಂತುಹುಳದ ಮಾತ್ರೆ ಯಾವತ್ತು, ಆಧಾರ್‌ನಲ್ಲಿ ಹೆಸರು ಒಂದು, ದಾಖಲಾತಿಯಲ್ಲಿ ಇನ್ನೊಂದು ಇದ್ದರೆ ಯಾರನ್ನು ಕಾಣಬೇಕು, ಎಲ್ಲವನ್ನೂ ತಿಳಿಸುತ್ತೇನೆ. ನಡುವೆ ಬಿಡುವಾದರೆ ಪಾಠವನ್ನೂ ಮಾಡುವುದುಂಟು.

ಆ ವರ್ಷ ಉಚಿತ ಬೂಟಿನ ಸುತ್ತೋಲೆ ಬಂತು. ಮಕ್ಕಳ ಪಾದದ ಅಳತೆ ತೆಗೆದು ಬೂಟು ಖರೀದಿಸಿ ವಿತರಿಸತಕ್ಕದ್ದು ಎಂದಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳೆದಿದ್ದರೆ ಅರ್ಧ ದಿನದ ಕೆಲಸ. ಆದರೆ ಅದರ ಹಿಂದಿನ ವಾರವಷ್ಟೇ ನಾನು ಪೋಷಕರ ಸಹಭಾಗಿತ್ವದ ತರಬೇತಿ ಮುಗಿಸಿ ಬಂದಿದ್ದೆ. ತಲೆ ಇನ್ನೂ ಬಿಸಿಯಾಗಿತ್ತು. "ತಮ್ಮ ಮಗುವಿನ ಪಾದದ ಅಳತೆಯನ್ನು ನಾಳೆಯೊಳಗೆ ಕಳುಹಿಸಿಕೊಡುವುದು" ಎಂದು ಮನೆಮನೆಗೂ ಚೀಟಿ ಕಳಿಸಿದೆ.

ಮಾರನೆಯ ದಿನ ಬಂದದ್ದು ಪೊರಕೆ ಕಡ್ಡಿಗಳು. ನಮ್ಮ ಕಡೆ ಸಂತೆಗೆ ಹೋಗುವವರು ಮನೆಯಲ್ಲಿ ಉಳಿದವರ ಚಪ್ಪಲಿಗೆ ಹಾಗೆಯೇ ಅಳತೆ ಒಯ್ಯುತ್ತಾರೆ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಕಡ್ಡಿ ಇಟ್ಟು, ಪಟ್ ಎಂದು ಮುರಿದು, ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಒಂದೊಂದು ಕಡ್ಡಿಗೂ ಹೆಸರಿನ ಚೀಟಿ ಕಟ್ಟಿ ಮೇಜಿನ ಮೇಲೆ ಜೋಡಿಸಿದೆ. ಮಕ್ಕಳ ಪಾದಗಳು ಇಷ್ಟು ದೊಡ್ಡವೇ ಎಂದು ಒಂದು ಕ್ಷಣ ಅನ್ನಿಸಿತು. ಬಿಸಿಯೂಟದ ಪ್ರಭಾವ ಇರಬಹುದು ಎಂದುಕೊಂಡು ಸಂತೋಷಪಟ್ಟೆ.

ಎಲ್ಲಕ್ಕಿಂತ ಉದ್ದದ ಕಡ್ಡಿ ಹಿಡಿದು ಬಂದವರು ಕುರಿ ಹಟ್ಟಿಯ ಈರಕ್ಕಜ್ಜಿ. ನಾಲ್ಕನೇ ಕ್ಲಾಸಿನ ಸಿಂಚನಳ ಅಜ್ಜಿ.

"ಏನಜ್ಜಿ, ಇದು ಮಗುವಿನ ಕಾಲೋ, ಊರುಗೋಲೋ?" ಎಂದೆ.

"ನಗಬ್ಯಾಡ ಕಣಪ್ಪ ಮೇಷ್ಟ್ರೇ. ಅವ್ಳೆಲ್ಲವ್ಳೆ ಅಳೆಯಾಕೆ? ಅವ್ರಪ್ಪನ ಜೊತೆ ಕುರಿ ಹಿಂದೆ ಹೋಗವ್ಳೆ. ಪಕ್ಕದ್ಮನೆ ಮಗೀನ ಕಾಲಿಗೆ ಇಟ್ಟು ಮುರ್ಕೊಂಬಂದೆ. ನಮ್ಮವ್ಳು ಅದ್ಕಿಂತ ಎತ್ರ, ಅದ್ಕೆರಡು ಬೆರ್ಳು. ಹೋಗಿ ಮೂರ್ ತಿಂಗ್ಳಾತು, ಬೆಳ್ದಿರ್ತಾಳೆ, ಅದ್ಕಿನ್ನೆರಡು ಬೆರ್ಳು."

ಆಮೇಲೆ ಅಜ್ಜಿ ದನಿ ತಗ್ಗಿಸಿದರು. "ಬೂಟು ಬಂದೈತೆ ಅಂತ ಫೋನ್ ಮಾಡ್ಸಿದ್ರೆ ನನ್ ಮಗ ಜುಂಜಣ್ಣ ಒಂದ್ಸಲ ಊರಿಗೆ ಬತ್ತಾನೆ. ಬಂದ್ರೆ ಮಗೀನ ಹಿಡ್ಕೊಂಬುಡ್ತೀನಿ. ಅವ್ಳ ಓದು ಅಲ್ಲಿಗೇ ನಿಂತೋಗ್ಬಾರ್ದು. ನೀನೂ ಒಂದ್ಮಾತು ಹೇಳಪ್ಪ."

ನನಗೂ ಬೇಕಾಗಿದ್ದದ್ದು ಅದೇ. ಸಿಂಚನ ಎಂದರೆ ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗ "ಸಾರ್, ಅಲ್ಲೊಂದು ದಶಕ ಬಿಟ್ಬಿಟ್ರಿ" ಎನ್ನುತ್ತಿದ್ದ ಹುಡುಗಿ. ಮೂರು ತಿಂಗಳಿಂದ ನಾನು ಬಿಟ್ಟ ದಶಕಗಳನ್ನು ಕೇಳುವವರೇ ಇರಲಿಲ್ಲ. ಅಷ್ಟು ದಿನ ಬಾರದ ಮಗುವಿನ ಹೆಸರನ್ನು ಶಾಲೆ ಬಿಟ್ಟವರ ಪಟ್ಟಿಗೆ ಸೇರಿಸಬೇಕು. ಪೆನ್ನಿನಲ್ಲಿ ಇಂಕಿಲ್ಲ ಎಂದು ಎರಡು ತಿಂಗಳು ತಳ್ಳಿದ್ದೆ. ಹಾಜರಿ ಕರೆಯುವಾಗ ಅವಳ ಹೆಸರನ್ನು ಬೇಗ ದಾಟಿಬಿಡುತ್ತಿದ್ದೆ.

ಸರಿ, ಕಡ್ಡಿಗಳನ್ನು ಸ್ಕೇಲಿನ ಮೇಲಿಟ್ಟು ನಂಬರಿಗೆ ಇಳಿಸಿದೆ. ಬೂಟು ಬರುವುದು ತಡವಾಗುತ್ತದೆ, ಅಷ್ಟರಲ್ಲಿ ಮಕ್ಕಳು ಬೆಳೆದಿರುತ್ತಾರೆ ಎಂದು ದೂರಾಲೋಚನೆಯಿಂದ ಎಲ್ಲರಿಗೂ ಒಂದೊಂದು ನಂಬರು ಜಾಸ್ತಿ ಬರೆದೆ. ಪಟ್ಟಿ ಹಿಡಿದು ಶಿರಾಕ್ಕೆ ಹೋದೆ. ಅಂಗಡಿಯ ಭಾಯಿ ಕನ್ನಡಕ ಏರಿಸಿ ಪಟ್ಟಿ ನೋಡಿದರು. "ಅರೆ ಮೇಷ್ಟ್ರೇ, ಬಚ್ಚಾ ಲೋಗ್ ಕಾಲು ಅಂದ್ರೆ ಸೋರೆಕಾಯಿ ಇದ್ದಂಗೆ. ಇವತ್ತು ನೋಡಿದಂಗೆ ನಾಳೆ ಇರಲ್ಲ. ನೀವು ಫಿಕರ್ ಮಾಡ್ಬೇಡಿ, ನಾನು ನೋಡಿ ಕಟ್ತೀನಿ" ಎಂದರು. ಎಂಥ ಒಳ್ಳೆಯ ಮನುಷ್ಯ ಎಂದು ಟೀ ಕುಡಿದು ಬಂದೆ. ಅವರು ನೋಡಿ ಕಟ್ಟಿದ್ದು ಎಂದರೆ ಇನ್ನೊಂದು ನಂಬರು ಸೇರಿಸಿ ಕಟ್ಟಿದ್ದು. ಇಲ್ಲಿಗೆ ಪೋಷಕರು ಒಂದು ಸಲ, ನಾನು ಒಂದು ಸಲ, ಭಾಯಿ ಒಂದು ಸಲ, ಒಟ್ಟು ಮೂರು ಸಲ ಮಕ್ಕಳನ್ನು ಬೆಳೆಸಿದಂತಾಯಿತು. ಮಕ್ಕಳು ಮಾತ್ರ ಇದ್ದಲ್ಲೇ ಇದ್ದರು.

ವಿತರಣೆಯ ದಿನ ಶಾಲೆಯ ಅಂಗಳದಲ್ಲಿ ಎತ್ತಿನ ಗೊರಸಿನಂತೆ ಟಪ ಟಪ ಸದ್ದು. ಒಂದನೇ ಕ್ಲಾಸಿನವನೊಬ್ಬ ಹಿಂದಕ್ಕೆ ತಿರುಗಿದ, ಬೂಟು ಮುಂದಕ್ಕೇ ನೋಡುತ್ತಿತ್ತು. ವಾಪಸ್ ಕೊಡೋಣ ಎಂದರೆ ಆಗಲೇ ಎಲ್ಲರೂ ಹಾಕಿಕೊಂಡು ಕೆರೆ ಏರಿಯವರೆಗೆ ಮೆರವಣಿಗೆ ಹೋಗಿ ಕೆಸರು ಮೆತ್ತಿಸಿಕೊಂಡು ಬಂದಿದ್ದರು. ಅಡುಗೆಯ ಲಕ್ಷ್ಮಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು, "ಸಾ, ಇವು ಮಕ್ಳಿಗೋ, ಮಕ್ಳ ಅಪ್ಪಂದಿರಿಗೋ?" ಎಂದರು. ನಾನು ಕಡತ ನೋಡುವವನಂತೆ ಒಳಗೆ ಹೋದೆ. ಸಿಂಚನಳ ಡಬ್ಬ ಮೇಜಿನ ಮೇಲೇ ಉಳಿದಿತ್ತು. ತೆರೆದು ನೋಡಿದೆ. ನಂಬರು ಎಂಟು. ನಾನು ಹಾಕುವುದು ಏಳು.

ಅಜ್ಜಿ ಫೋನ್ ಮಾಡಿಸಿದ ನಾಲ್ಕು ದಿನಕ್ಕೆ ಜುಂಜಣ್ಣ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ಸಿಂಚನ, ಅವಳ ಹಿಂದೆ ಮೊಮ್ಮಗಳ ರಟ್ಟೆ ಗಟ್ಟಿಯಾಗಿ ಹಿಡಿದ ಈರಕ್ಕಜ್ಜಿ. ನಾನು ಡಬ್ಬ ಮುಂದಿಟ್ಟೆ. ಹುಡುಗಿ ಆಸೆಯಿಂದ ಬೂಟಿನೊಳಗೆ ಕಾಲಿಟ್ಟಳು. ಕಾಲು ಮುಂದಕ್ಕೆ ಹೋಗಿ ನಿಂತಿತು, ಹಿಂದೆ ಇನ್ನೊಂದು ಮಗುವಿನ ಕಾಲಿಗೆ ಜಾಗವಿತ್ತು. ಅವಳ ಮುಖ ಸಣ್ಣದಾಯಿತು. ಜುಂಜಣ್ಣ ಬೂಟನ್ನು ಎತ್ತಿಕೊಂಡು, ಅತ್ತ ಇತ್ತ ತಿರುಗಿಸಿ, ತಾನೇ ಹಾಕಿಕೊಂಡ. ಅಳೆದು ಮಾಡಿಸಿದಂತೆ ಕೂತಿತು. ಮುಗಿಯಿತು, ಬೂಟೂ ಹೋಯಿತು, ಹುಡುಗಿಯೂ ಹೋದಳು ಎಂದುಕೊಂಡೆ. ಬೂಟು ವಿದ್ಯಾರ್ಥಿಗಳ ಬಳಕೆಗೆ ಮಾತ್ರ ಎನ್ನುವ ಸುತ್ತೋಲೆಯನ್ನು ಹುಡುಕತೊಡಗಿದೆ. ಬೇಕಾದಾಗ ಅದು ಸಿಗುತ್ತದೆಯೇ?

ಜುಂಜಣ್ಣ ನಿಧಾನವಾಗಿ ಬೂಟು ಬಿಚ್ಚಿ, ಮಗಳ ಕಾಲನ್ನು ಮತ್ತೆ ಒಳಗಿಟ್ಟು, ಹಿಮ್ಮಡಿಯ ಹಿಂದೆ ಬೆರಳಿಟ್ಟು ಎಣಿಸಿದ. "ನಾಕು ಬೆರ್ಳು ಐತೆ" ಎಂದ. ಆಮೇಲೆ ನನ್ನ ಮುಖ ನೋಡಿದ. "ಸಾ, ಗೌರ್ಮೆಂಟ್ನೋರು ದಡ್ರಲ್ಲ ಬುಡಿ. ಕಾಲು ಇದ್ರ ತುಂಬ ಆಗೋಗಂಟ ಮಗಾ ಓದ್ಲಿ ಅಂತ ಲೆಕ್ಕ ಹಾಕೇ ಕೊಟ್ಟವ್ರೆ."

ನಾನು ಸುತ್ತೋಲೆ ಹುಡುಕುವುದನ್ನು ಬಿಟ್ಟೆ. "ಹೌದಪ್ಪ, ಹಂಗೇ ಲೆಕ್ಕ" ಎಂದೆ.

"ಆತು. ಸರ್ಕಾರ ಕೊಟ್ಟ ಮಾತಿಗೆ ನಾವು ತಪ್ಬಾರ್ದು. ಕಾಲು ತುಂಬೋಗಂಟ ಬುಡ್ಸಲ್ಲ" ಎಂದು ಕಂಬಳಿ ಸರಿಮಾಡಿಕೊಂಡು ಒಬ್ಬನೇ ಕುರಿ ಕಡೆ ಹೊರಟ. ಈರಕ್ಕಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಕನ್ನಡಕ ಒರೆಸಿಕೊಂಡೆ.

ಅಂದಿನಿಂದ ಆ ಬೂಟು ಅವರ ಮನೆಯ ಗೋಡೆಗೂಡಿನಲ್ಲಿದೆ. ಹುಡುಗಿ ಚಪ್ಪಲಿಯಲ್ಲೇ ದಿನವೂ ಬರುತ್ತಾಳೆ, ನನ್ನ ದಶಕಗಳು ಮತ್ತೆ ಜಾಗಕ್ಕೆ ಬಿದ್ದಿವೆ. ಆದರೆ ಜುಂಜಣ್ಣ ಊರಿಗೆ ಬಂದಾಗಲೆಲ್ಲ ಮೊದಲು ಮಗಳ ಕಾಲಿಗೆ ಬೂಟು ತೊಡಿಸಿ ಬೆರಳಿಡುತ್ತಾನೆ. ಯುಗಾದಿಗೆ ಬಂದವನು ಶಾಲೆಯ ಹತ್ತಿರ ನಿಂತು, "ಸಾ, ಮೂರೇ ಬೆರ್ಳು ಉಳ್ದೈತೆ. ಜೋರಾಗಿ ಬೆಳೀತಾವ್ಳೆ" ಎಂದು ಹೇಳಿ ಹೋದ. ನನಗೆ ಆ ದಿನ ಹೋಳಿಗೆ ರುಚಿಸಲಿಲ್ಲ. ವರ್ಷಕ್ಕೊಂದು ಬೆರಳಿನಂತೆ ಕೂತು ಲೆಕ್ಕ ಹಾಕಿದೆ. ಎಸ್ಸೆಸ್ಸೆಲ್ಸಿಗೆ ಮೂರು ಬೆರಳು ಕಡಿಮೆ ಬೀಳುತ್ತಿತ್ತು.

ಈ ವರ್ಷದ ಬೂಟಿನ ಸುತ್ತೋಲೆ ಬಂದಿದೆ. ಕಳೆದ ಬಾರಿ ಕೆಲವು ಶಾಲೆಗಳಲ್ಲಿ ಅಳತೆ ವ್ಯತ್ಯಾಸವಾಗಿದ್ದು, ಈ ಬಾರಿ ಮುಖ್ಯ ಶಿಕ್ಷಕರೇ ಖುದ್ದಾಗಿ ಅಳೆಯತಕ್ಕದ್ದು, ತಪ್ಪಿದಲ್ಲಿ ಅವರೇ ಹೊಣೆ ಎಂದು ಬರೆದಿದ್ದಾರೆ. ಟೇಪು ತಂದು, ನೆಲದ ಮೇಲೆ ಕೂತು, ಒಂದೊಂದು ಮಗುವಿನ ಪಾದವನ್ನೂ ನಾನೇ ಅಳೆದೆ. ಎಲ್ಲರದೂ ಕೂದಲೆಳೆ ತಪ್ಪದಂತೆ ಬರೆದೆ. ಕೊನೆಗೆ ಸಿಂಚನ ಬಂದಳು. ಎರಡು ಸಲ ಅಳೆದೆ. ಸರಿಯಾಗಿ ಎರಡನೇ ನಂಬರು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹತ್ತು ಎಂದು ಬರೆದು, "ಖುದ್ದಾಗಿ ಪರಿಶೀಲಿಸಿದ್ದೇನೆ" ಎಂದು ಸಹಿ ಮಾಡಿ ಮೊಹರು ಒತ್ತಿದೆ.