ಸಿರುಗುಪ್ಪದಲ್ಲಿ ನಾನು ಅತ್ತ ಪ್ರಸಂಗ

ನಿಜ ಹೇಳುವುದು ಬಹಳ ಸುಲಭ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಹೇಳಿ ನೋಡಿರಲಿಲ್ಲ, ಅಷ್ಟೇ!

ನನ್ನ ಹೆಸರು ಪಂಪಾಪತಿ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಗುಂಡಿ, ಜಿಪ್ಪು ಮಾರುವ ಸಣ್ಣ ಅಂಗಡಿ ಇದೆ. ಅದು ಹೊಟ್ಟೆಪಾಡು. ಊರವರ ಲೆಕ್ಕದಲ್ಲಿ ನನ್ನ ಉದ್ಯೋಗ ನಗಿಸುವುದು. ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಮದುವೆಯಿರಲಿ, ಯಾರದೋ ಹೊಲದ ಬೋರ್‌ವೆಲ್ ಪೂಜೆಯಿರಲಿ, "ಪಂಪಾ ಬಂದಾನೇನಲೇ?" ಎಂದು ಕೇಳಿಯೇ ಜನ ಎಲೆಯ ಮುಂದೆ ಕೂರುತ್ತಾರೆ. ಮಾತಾಡದೆ ಊಟ ಮಾಡಿದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಅವರಿಗೆ ಗಾಬರಿಯಾಗಬಾರದೆಂದು ಒಂದು ಜೋಕು ಹೇಳುತ್ತೇನೆ. ಆಮೇಲೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಕೂರುತ್ತೇನೆ. ನಗಿಸುವುದಕ್ಕೆ ಎಷ್ಟು ಸುಸ್ತಾಗುತ್ತದೆ ಎಂಬುದು ನಗುವವರಿಗೆ ಗೊತ್ತಿರುವುದಿಲ್ಲ.

ಈ ಬೇಸಿಗೆಯಲ್ಲಿ ನಮ್ಮವ್ವ ತೀರಿಕೊಂಡಳು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಆ ಮನೆಯವರನ್ನು 'ಮಾತಾಡಿಸಲು' ಹೋಗುವ ಪದ್ಧತಿಯಿದೆ. ಹೆಸರಿಗಷ್ಟೇ ಮಾತಾಡಿಸುವುದು. ಹೋದವರು ಸುಮ್ಮನೆ ಕುಳಿತು, ಸುಮ್ಮನೆ ಎದ್ದು ಬರುತ್ತಾರೆ. ಹಾಗೆ ಮೊದಲು ಬಂದವನು ನನ್ನ ಗೆಳೆಯ ಖಾದರ್. ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ನಮ್ಮವ್ವನ ಕೈಯ ರೊಟ್ಟಿ ತಿಂದು ಬೆಳೆದವನು. ಬಾಗಿಲಲ್ಲೇ ಅವನ ಕಣ್ಣು ತುಂಬಿತ್ತು.

"ಅಮ್ಮಾ ಹೋಗಿಬಿಟ್ರಲ್ಲೋ ಪಂಪಾ..." ಎಂದ.

ಅವನ ಮುಖ ನೋಡಿದ್ದೇ ನನಗೆ ಹೆದರಿಕೆಯಾಯಿತು. ಇವನು ಅತ್ತರೆ ನಾನೂ ಅಳಬೇಕಾಗುತ್ತದೆ. ನಮ್ಮವ್ವನಿಗೆ ಟೀ ಎಷ್ಟು ಬಿಸಿಯಿದ್ದರೂ ಸಾಲುತ್ತಿರಲಿಲ್ಲ. ಕುದಿಯುವ ಲೋಟ ಕೈಗಿಟ್ಟರೂ "ಇನ್ನೊಂಚೂರು ಕಾಸು" ಎನ್ನುವವಳು. ಅದು ಸರಿಯಾದ ಸಮಯಕ್ಕೆ ನೆನಪಿಗೆ ಬಂತು.

"ಹೂಂನಪ್ಪ. ಅಲ್ಲಿ ಯಮಧರ್ಮರಾಯ ಈಗ ಎರಡನೇ ಸಲ ಟೀ ಕಾಸಾಕತ್ತಿರಬೇಕು ನೋಡು" ಎಂದೆ.

ಖಾದರ್ ಅಳುತ್ತಲೇ ಫಕ್ಕನೆ ನಕ್ಕ. ಹಿಂದೆ ಬಂದವರೂ ನಕ್ಕರು. ಅಲ್ಲಿಂದ ಮುಂದೆ ನಾನು ನಿಲ್ಲಲಿಲ್ಲ. ಮಾತಾಡಿಸಲು ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದರು. "ಪಂಪಾ ಗಟ್ಟಿ ಅದಾನ" ಎಂಬ ಸುದ್ದಿ ನಮ್ಮ ಗಾಂಧಿನಗರ ಬಡಾವಣೆ ದಾಟಿ ಸಿರುಗುಪ್ಪದವರೆಗೂ ಹೋಯಿತು. ಒಳಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಒಬ್ಬಳೇ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಸತ್ತವಳು ನನ್ನ ತಾಯಿ, ಅಳುವವಳು ಸೊಸೆ! ಇಂಥ ಮನೆ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು.

ಎರಡು ಮೂರು ತಿಂಗಳು ಗಿರಿಜಾ ನೋಡಿದಳು. ನಾನು ಹೊರಗೆ ನಗಿಸುತ್ತ, ಒಳಗೆ ಗೋಡೆ ನೋಡುತ್ತ ಕಾಲ ಹಾಕಿದೆ. ಅವ್ವನ ಮಾತು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಒಂದು ದಿನ ಅವಳು ಬ್ಯಾಗು ತುಂಬಿಕೊಂಡು ನಿಂತಳು.

"ಊರಿಗೆಲ್ಲಾ ನಗಿ ಹಂಚ್ತೀರಿ. ಮನಿಗೆ ಬಂದ್ರ ಟಿವಿ ಆರಿಸಿದಂಗ ಆಗ್ತೀರಿ. ಅತ್ತಿ ಹೋಗಿ ಇಷ್ಟು ದಿನ ಆತು, ಒಂದು ಸಲಾನೂ ಅವರ ಹೆಸರು ತೆಗದಿಲ್ಲ. ಈ ಮನ್ಯಾಗ ಒಬ್ಬಾಕಿನೇ ಅತ್ತು ಅತ್ತು ನನಗ ಸಾಕಾಗೈತಿ. ನಾನು ಕುರುಗೋಡಿಗೆ ಹೊಂಟೆ, ನಮ್ಮವ್ವನ ಹತ್ರ."

"ಯಾವಾಗ ಬರ್ತಿ?"

"ನಿಮಗ ಅಳು ಬಂದ ದಿನ ಫೋನ್ ಮಾಡ್ರಿ. ಬರ್ತೀನಿ."

ಎಂಥ ಷರತ್ತು ನೋಡಿ! ಸೀರೆ ಕೇಳಿದ್ದರೆ ತರಬಹುದಿತ್ತು.

ಗೆಳೆಯರಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಒಂದು ವಾರ, "ಖಾರದಪುಡಿ ಕುಟ್ಟಿಸಾಕ ತೌರಿಗೆ ಹೋಗ್ಯಾಳ" ಎಂದೆ. ಮರುವಾರ, "ಕುರುಗೋಡಿನ ಮೆಣಸಿನಕಾಯಿ ಎಲ್ಲಾ ಆಕೀನೇ ಕುಟ್ಟಾಕತ್ಯಾಳ" ಎಂದೆ. ಅದರ ಮುಂದಿನ ವಾರ ನನಗೇ ಬೇಸರವಾಯಿತು. ಇನ್ನು ನಿಜ ಹೇಳಿಬಿಡೋಣ, ಇವರು ಬಾಲ್ಯದ ಗೆಳೆಯರು, ಹೆಗಲ ಮೇಲೆ ಕೈ ಹಾಕುತ್ತಾರೆ, ನನಗೂ ತಾನಾಗಿ ಅಳು ಬರುತ್ತದೆ, ಗಿರಿಜಾಳಿಗೂ ಫೋನ್ ಮಾಡಬಹುದು ಎಂದು ಯೋಜನೆ ಹಾಕಿ, ಭಾನುವಾರ ಸಂಜೆ ಗಾಂಧಿನಗರದ ಮಿರ್ಚಿ ಬಂಡಿಯ ಕಡೆ ಹೊರಟೆ.

ಖಾದರ್ ಬಂದಿದ್ದ. ಸಿರುಗುಪ್ಪದ ವೀರೇಶ, ಅಕ್ಕಿ ವ್ಯಾಪಾರದವನು, ಅವನೂ ಬಂದಿದ್ದ. ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣಿ, ಮೇಲೆ ಎರಡೆರಡು ಮಿರ್ಚಿ. ನಾನು ಗಂಟಲು ಸರಿಮಾಡಿಕೊಂಡೆ.

"ಒಂದು ಮಾತು ಹೇಳ್ಬೇಕ್ರೋ. ಗಿರಿಜಾ ನನ್ನ ಬಿಟ್ಟು ಹೋಗ್ಯಾಳ."

ವೀರೇಶ ಎಷ್ಟು ಜೋರಾಗಿ ನಕ್ಕನೆಂದರೆ ಅವನ ಬಾಯಲ್ಲಿದ್ದ ಒಗ್ಗರಣಿ ನನ್ನ ಅಂಗಿಯ ಮೇಲೆ ಬಂತು.

"ನಿಜ ಲೇ!" ಎಂದೆ.

"ಮಾರಿ ನೋಡಲೇ ಇವನದು! ಒಂಚೂರಾದ್ರೂ ನಗ್ತಾನೇನು ನೋಡು!" ಎಂದು ಖಾದರ್ ತೊಡೆ ತಟ್ಟಿಕೊಂಡ.

"ನಮ್ಮವ್ವ ಹೋದಾಗಿಂದ ನನಗ ರಾತ್ರಿ ನಿದ್ದಿ ಇಲ್ರೋ."

"ಯಮ ಬಂದು ಟೀ ಪುಡಿ ಕೇಳ್ತಾನೇನಲೇ?" ಎಂದ ವೀರೇಶ. ಅದು ನನ್ನದೇ ಜೋಕು. ನನ್ನ ಮೇಲೆಯೇ ತಿರುಗಿ ಬಂದಿತ್ತು! ಬಂಡಿಯವನೂ ನಕ್ಕು ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದ. ಅದನ್ನು ಕಚ್ಚಿದಾಗ ಕಣ್ಣಲ್ಲಿ ನೀರು ಬಂತು.

"ಖಾರಾ?" ಎಂದ ಖಾದರ್.

"ಹೂಂ, ಖಾರ" ಎಂದೆ. ಮನೆಗೆ ಬಂದೆ. ಚಪ್ಪಲಿ ಬಿಚ್ಚದೆ ಮಂಚದ ಮೇಲೆ ಕುಳಿತೆ.

ಗೆಳೆಯರ ನೆರವು ಸಿಗದಿದ್ದರೇನಂತೆ, ಸ್ವಂತ ಪ್ರಯತ್ನದಿಂದಲೇ ಅಳಬೇಕೆಂದು ಮರುದಿನ ತೀರ್ಮಾನಿಸಿದೆ. ಅಡುಗೆಮನೆಯಲ್ಲಿ ಒಂದು ಬುಟ್ಟಿ ಉಳ್ಳಾಗಡ್ಡಿ ಇತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೆಚ್ಚತೊಡಗಿದೆ. ಕಣ್ಣೀರು ಧಾರಾಕಾರವಾಗಿ ಬಂತು. ಗಿರಿಜಾ ಫೋನ್ ಎತ್ತಿದಳು.

"ಗಿರಿಜಾ... ಅಳು ಬಂದೈತಿ..." ಎಂದು ಮೂಗೆಳೆದೆ.

ಅವಳು ಕೇಳಿದಳು, "ಎಷ್ಟು ಹೆಚ್ಚಿದ್ರಿ?"

"ಏನು?"

"ಉಳ್ಳಾಗಡ್ಡಿ. ಚಾಕು ಸಪ್ಪಳ ಕೇಳ್ತೈತ್ರಿ. ಇರ್ಲಿ, ಹೆಚ್ಚಿದ್ದು ಕೆಡಸಬ್ಯಾಡ್ರಿ. ಉಪ್ಪಿಟ್ಟು ಮಾಡ್ಕೊಂಡು ಉಣ್ರಿ."

ಫೋನಿಟ್ಟಳು. ಮೂರು ದಿನ ಉಪ್ಪಿಟ್ಟು ತಿಂದೆ!

ಅಷ್ಟರಲ್ಲಿ ವೀರೇಶನ ಹೊಸ ಮನೆಯ ಗೃಹಪ್ರವೇಶ ಬಂತು. ಅಲ್ಲಿ ಅವನನ್ನು ಪಕ್ಕಕ್ಕೆ ಕರೆದು, ಮಿರ್ಚಿ ಗಿರ್ಚಿ ಏನೂ ಇಲ್ಲದ ಜಾಗದಲ್ಲಿ, ಶಾಂತವಾಗಿ ಎಲ್ಲ ಹೇಳಬೇಕೆಂದು ನಿಶ್ಚಯಿಸಿ ಸಿರುಗುಪ್ಪದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಶಾಮಿಯಾನದ ಕೆಳಗೆ ಜನವೋ ಜನ. ವೀರೇಶ ನನ್ನನ್ನು ಕಂಡದ್ದೇ ಮೈಕಿನಲ್ಲಿ ಕೂಗಿದ, "ಬಂದ್ನೋ ನಮ್ಮ ಪಂಪಾ! ಇನ್ನ ಕಾರ್ಯಕ್ರಮ ಶುರು!"

ಹೊಸ ಮನೆಯ ಹೊಸ್ತಿಲಲ್ಲಿ ಅವನ ಅಕ್ಕತಂಗಿಯರು ದಾರಿ ಕಟ್ಟಿ ನಿಂತಿದ್ದರು. ಗಂಡನಾದವನು ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಹೆಸರನ್ನು ಹಾಗೇ ಹೇಳುವಂತೆಯೂ ಇಲ್ಲ, ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳಬೇಕು. ಅದೇ ಒಡಪು. ವೀರೇಶ ಹೇಗೋ ತೊದಲಿ ಒಳಗೆ ನುಸುಳಿದ. ಆಮೇಲೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಒಡಪಿನಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿ ಇಲ್ಲವೆಂದು ಪ್ರತೀತಿ.

"ಅಣ್ಣಾ, ವೈನಿ ಹೆಸರು ಹೇಳಿ ಒಳಗ ಬರ್ರಿ!" ಎಂದರು ತಂಗಿಯರು.

"ವೈನಿ ಎಲ್ಲಿ?" ಎಂದು ಯಾರೋ ಕೇಳಿದರು.

"ಇನ್ನೂ ಖಾರ ಕುಟ್ಟಾಕತ್ಯಾಳ!" ಎಂದು ಖಾದರ್ ಕೂಗಿದ. ಶಾಮಿಯಾನ ಹಾರಿಹೋಗುವಂತೆ ನಕ್ಕರು. ಅವನು ಆಗಲೇ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ.

ನಾನು ಎದೆಯುಬ್ಬಿಸಿ ಶುರು ಮಾಡಿದೆ:

"ದೇಶನೂರಿನ ಗದ್ದಿಯಾಗ ತೂಗತೈತಿ ಭತ್ತದ ತೆನಿ..."

"ತೆನಿ!" ಎಂದು ಎಲ್ಲರೂ ದನಿಗೂಡಿಸಿದರು. ತೆನಿಗೆ ಪ್ರಾಸ ಮನಿ. ಬೇರೆ ಏನೂ ಹೊಳೆಯಲಿಲ್ಲ.

"ಗಿರಿಜಾ ಇಲ್ಲದಿದ್ರ... ಅದ್ಯಾತರ ಮನಿ!"

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಎಂದೂ ಹೀಗೆ ಆಗಿರಲಿಲ್ಲ. ನಾನು ಆಡಿದ್ದನ್ನು ನಾನೇ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಆದರೂ ಸಂಭಾಳಿಸುತ್ತಿದ್ದೆನೇನೋ. ಅಷ್ಟರಲ್ಲಿ ಒಳಗಿನಿಂದ ವೀರೇಶನ ಮುದಿ ತಾಯಿಯ ದನಿ ಕೇಳಿಸಿತು. "ಏನ್ ಟೀ ಇದು, ಆರಿ ನೀರಾಗೈತಿ. ಇನ್ನೊಂಚೂರು ಕಾಸ್ರಬೇ!"

ಅಷ್ಟೇ. ನಾನು ಹೊಸ್ತಿಲ ಮುಂದೆ ಕುಸಿದು ಕುಳಿತೆ. "ಅವ್ವಾ" ಎಂದು ಅತ್ತೆ. ದೊಡ್ಡ ಮೀಸೆಯ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಭೋರೆಂದು ಅತ್ತೆ.

ಜನ ಚಪ್ಪಾಳೆ ಹೊಡೆದರು!

"ಅವ್ವಾ ಅಂತಾನ ನೋಡ್ರಲೇ! ಹೇಣ್ತಿ ಇಲ್ಲಂದ್ರ ಅವ್ವನ್ನ ಕರೀತಾನ!" ಎಂದು ಒಬ್ಬರು ಉರುಳಾಡಿದರು. ಯಾರೋ ಸಿಳ್ಳೆ ಹೊಡೆದರು. ಫೋಟೋದವನು ಲೈಟು ಹತ್ತಿರ ತಂದು, "ಅಣ್ಣಾ, ಒಂಚೂರು ಈ ಕಡೆ ತಿರುಗಿ ಅಳ್ರಿ" ಎಂದ. ನಾನು ತಿರುಗಿದೆ! ಅಳುವಾಗಲೂ ಜನರ ಮಾತು ತೆಗೆದುಹಾಕುವ ಧೈರ್ಯ ನನಗಿಲ್ಲ.

ಸಾಕಾಗುವಷ್ಟು ಅತ್ತು, ಎದ್ದು, ಕರ್ಚೀಫಿನಿಂದ ಮುಖ ಒರೆಸಿಕೊಂಡು ಎಲ್ಲರಿಗೂ ಕೈಮುಗಿದೆ. ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ಊಟದಲ್ಲಿ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಬಿದ್ದವು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತೆ. ಖಾದರ್ ಆಗಲೇ ವಿಡಿಯೋವನ್ನು ವಾಟ್ಸಪ್ಪಿಗೆ ಹಾಕಿದ್ದ. ಮೊದಲು ಬಂದ ಫೋನು ಸಿರಿಗೇರಿಯ ಯಾರೋ ಅಪರಿಚಿತರದ್ದು. "ನಮ್ಮ ಮಗಳು ಬಸುರಿ ಅದಾಳ್ರಿ, ಕುಬಸ ಐತ್ರಿ. ನೀವು ಬಂದು ಆ ಅಳೋ ಐಟಂ ಮಾಡ್ಬೇಕ್ರಿ." ನೋಡೋಣ ಎಂದೆ. ಎರಡನೆಯದು ಖಾದರನದ್ದು. ಅವನ ದನಿ ಎಂದಿನಂತಿರಲಿಲ್ಲ.

"ಲೇ ಪಂಪಾ, ವಿಡಿಯೋ ಇನ್ನೊಂದ್ಸಲ ನೋಡಿದೆ. ಅದು... ನಿಜಾನೇನೋ?"

ಇಷ್ಟು ದಿನ ನಾನು ಕಾದಿದ್ದ ಪ್ರಶ್ನೆ. ಹೂಂ ಎಂದರೆ ಮುಗಿದಿತ್ತು. ಆದರೆ ಬಾಯಿ ತನ್ನ ಪಾಡಿಗೆ ತಾನೇ ಮಾತಾಡಿತು.

"ಯಾಕಲೇ, ಚಲೋ ಆಗಿರಲಿಲ್ಲೇನು?"

"ಥೂ ನಿನ್ನ! ಹೆದರಿಸಿಬಿಟ್ಟಿದ್ದೆ" ಎಂದು ನಕ್ಕು ಫೋನಿಟ್ಟ. ಇಂಥ ಬಾಯಿಯನ್ನು ಕಟ್ಟಿಕೊಂಡು ಮನುಷ್ಯ ಎಲ್ಲಿಗೆ ಹೋಗಬೇಕು?

ಮೂರನೆಯ ಫೋನು ಗಿರಿಜಾಳದ್ದು.

"ಎಲ್ಲಿ ಅದೀರಿ?"

"ಸಿರಿಗೇರಿ ಕ್ರಾಸ್ ಬಂತು. ವಿಡಿಯೋ ನೋಡಿದೇನು? ಆಕ್ಟಿಂಗ್ ಹೆಂಗಿತ್ತು?"

"ಮೂಗು ಸೋರಾಕತ್ತಿತ್ತು ನಿಮ್ದು. ಅಷ್ಟು ಚಲೋ ಆಕ್ಟಿಂಗ್ ನಿಮಗ ಬರಂಗಿಲ್ಲ. ಇಳೀರಿ ಅಲ್ಲೇ. ಕುರುಗೋಡಿನ ಗಾಡಿ ಹಿಡದು ಬರ್ರಿ."

ಇಳಿದೆ.

ಕುರುಗೋಡಿನಲ್ಲಿ ಗಿರಿಜಾ ತೌರುಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು. ಹಿಂದೆ ನನ್ನ ಅತ್ತೆ. ಅವರಿಗೆ ಕಿವಿ ಸ್ವಲ್ಪ ಮಂದ.

"ಹೆಸರು ಹೇಳಿ ಒಳಗ ಬರ್ರಿ" ಎಂದಳು ಗಿರಿಜಾ.

ನಾನು ಗಂಟಲು ಸರಿಮಾಡಿಕೊಂಡೆ. "ಕುರುಗೋಡಿನ ಗುಡ್ಡದ ಮ್ಯಾಲೆ..."

"ಒಡಪು ಬ್ಯಾಡ. ನನ್ನ ಹೆಸರೂ ಬ್ಯಾಡ. ನಿಮ್ಮವ್ವನ ಹೆಸರು ಹೇಳ್ರಿ."

ಹಂಪಮ್ಮ. ಮೂರೇ ಅಕ್ಷರ. ಬಾಯಿ ತೆರೆದೆ, ಬರಲಿಲ್ಲ. ಮತ್ತೆ ತೆರೆದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಅತ್ತೆ ಮಗಳ ಭುಜದ ಮೇಲಿಂದ ಇಣುಕಿ, "ಪಾಪ, ಅಳಿಯಂದ್ರು ಅವ್ವನ ಹೆಸರೇ ಮರ್ತಾರೇನಬೇ? ನೀನಾದ್ರೂ ಹೇಳಬಾರದೇನು?" ಎಂದರು.

"ಹಂಪಮ್ಮ" ಎಂದೆ. ಅದರ ಹಿಂದೆ ಉಳಿದದ್ದೆಲ್ಲ ಬಂತು. ಈ ಸಲ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಗಿರಿಜಾ ಕೈ ತೆಗೆದಳು, ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತಳು, ಅವಳೂ ಅತ್ತಳು. ಇಬ್ಬರು ಅತ್ತರೆ ಅರ್ಧರ್ಧ ಆಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು ನನ್ನ ಫೋನನ್ನು ನನ್ನ ಕೈಗೇ ಇಟ್ಟಳು. "ಈಗ ಖಾದರಣ್ಣಗ ಹಚ್ರಿ."

ಹಚ್ಚಿದೆ. "ಖಾದರ್, ನಮ್ಮವ್ವ ಹೋದ್ಳಲ್ಲೋ" ಎಂದೆ. ಎಷ್ಟೋ ತಿಂಗಳ ಹಳೆಯ ಸುದ್ದಿ! ಆ ಕಡೆ ಅವನು ನಗಲಿಲ್ಲ.

"ಮಿರ್ಚಿ ಬಂಡಿ ಹತ್ರ ಹೇಳಿದ್ದು?"

"ಅದೂ ನಿಜ. ಈಗ ಆಕಿ ಹತ್ರನೇ ಕುರುಗೋಡಿನಾಗ ಅದೀನಿ."

"ನಾವು ನಕ್ಕಿವಲ್ಲೋ ಪಂಪಾ."

"ನಕ್ರಿ."

"ಮುಂಜಾನೆ ವೀರೇಶನ್ನ ಕರ್ಕೊಂಡು ಬರ್ತೀವಿ, ಮಾತಾಡ್ಸಾಕ. ಈ ಸಲ ಬಾಯಿ ಮುಚ್ಕೊಂಡು ಕುಂದ್ರು" ಎಂದ.

ಮುಂಜಾನೆ ಇಬ್ಬರೂ ಕುರುಗೋಡಿಗೇ ಬಂದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತರು. ಖಾದರ್ ನೆಲ ನೋಡಿದ. ವೀರೇಶ ನನ್ನ ಮೊಣಕಾಲ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಗಿರಿಜಾ ತಂದಿಟ್ಟ ಟೀ ಆರಿತು. ಅದರ ಬಗ್ಗೆ ನಾಲ್ಕಾರು ಒಳ್ಳೆಯ ಜೋಕುಗಳು ನನ್ನ ನಾಲಗೆಯ ತುದಿಗೆ ಬಂದವು. ನುಂಗಿದೆ. ಅತ್ತೆ ಎರಡು ಸಲ ಬಂದು ನೋಡಿ, "ಯಾಕಬೇ, ಯಾರೂ ಏನೂ ಮಾತಾಡವಲ್ರು?" ಎಂದು ಮಗಳನ್ನು ಕೇಳಿದರು.

ಇಷ್ಟು ವರ್ಷದ ನನ್ನ ಸೇವೆಯಲ್ಲಿ ಇಂಥ ಸಪ್ಪೆ ಕಾರ್ಯಕ್ರಮ ನಾನು ಎಂದೂ ಕೊಟ್ಟಿರಲಿಲ್ಲ. ಕೊನೆಯವರೆಗೂ ಒಬ್ಬರೂ ನಗಲಿಲ್ಲ!