ಏಳು ಫೂಟಿನವರ ಪಗಾರ, ನನ್ನ ಖಾನಾವಳಿ

“ಸಹಿ ಮಾಡಾಕ ಬರೂದಿಲ್ಲ, ಪುಣೆಯೊಳಗ ಖಾನಾವಳಿ ನಡಸ್ತಾಳಂತ! ಮೂರು ತಿಂಗಳಿಗೆ ತಿರುಗಿ ಬರ್ತಾಳ ನೋಡ್ರಿ” ಎಂದು ನನ್ನ ಭಾವ ಮನೆಮಂದಿಯ ಎದುರು ಹೇಳಿದ್ದರು. ನಾನು ತಿರುಗಿ ಹೋಗಲಿಲ್ಲ. ಆದರೆ ಪುಣೆಯ ಕಾರ್ಖಾನೆಗಳ ಕಡೆಯ ಭೋಸರಿಯಲ್ಲಿ ಒಲೆ ಹೊತ್ತಿಸಿದಂದಿನಿಂದ ಅಂಜದ ದಿನವೂ ಇಲ್ಲ. ಅದರಲ್ಲಿ ಅರ್ಧ ಅಂಜಿಕೆ ಕೊಟ್ಟವರು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರು.

೧. ಯಾರನ್ನ ತೆಗೀತಾರ?

ಕೇಬಲ್ ಬಂದ ಹೊಸತು. ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಅಮೆರಿಕದ ಆಟ ನಮ್ಮ ಟೀವಿಯಲ್ಲಿ ಬರುತ್ತಿತ್ತು. ನೋಡುವವರು ಇಬ್ಬರು ಗೆಳೆಯರು. ಒಬ್ಬ ಧಾರವಾಡದ ಕಡೆಯ ಎತ್ತರದವನು, ಕಂಪನಿಯ ಬಾಸ್ಕೆಟ್‌ಬಾಲ್ ತಂಡಕ್ಕೆಂದೇ ನೌಕರಿ ಸಿಕ್ಕವನು. ಇನ್ನೊಬ್ಬ ಕಲಬುರ್ಗಿ ಕಡೆಯವನು, ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುವವನು.

ಒಂದು ದಿನ ಲೇತ್‌ನವನು ಕೂಗಿದ: “ಇಷ್ಟು ಪಗಾರ ಕೊಟ್ಟು ಯಾಕ ಇಟ್ಕೋಬೇಕು? ಹತ್ತು ಮಂದಿನ್ನ ತೆಗದು ಹಾಕ್ಲಿ!”

ಕಾರ್ಖಾನೆಯವರು ಹತ್ತು ಮಂದಿಯನ್ನು ತೆಗೆದರೆ ನನ್ನಲ್ಲಿ ಹತ್ತು ತಾಟು ಖಾಲಿ. ಸೌಟು ಹಿಡಿದೇ ಓಡಿ ಬಂದೆ.

“ಯಾರನ್ನ ತೆಗೀತಾರೋ ತಮ್ಮಾ?”

“ಈ ಟೀವಿಯೊಳಗಿನವರನ್ನ್ರೀ ಅಕ್ಕಾರ. ಏಳೇಳು ಫೂಟ್ ಬೆಳದಾರ, ಕೆಲಸ ಇಲ್ಲ.”

“ತೆಗೀರಿ. ಆದ್ರ ಇತ್ತ ಕಡೆ ಕಳಸಬ್ಯಾಡ್ರಿ. ನಂದು ಹೊಟ್ಟಿ ತುಂಬ ಊಟಕ್ಕ ಒಂದೇ ರೇಟಿನ ಖಾನಾವಳಿ!”

೨. ಪೀಸ್ ಲೆಕ್ಕ

ಪೊಟ್ಟಣದ ಕಾಗದ ನೋಡಿ ನೋಡಿ ನಾನೇ ಅಕ್ಷರ ಕಲಿತವಳು. ಮರಾಠಿ ಪೇಪರಿನ ಆಟದ ಪುಟವನ್ನೂ ಬಿಡುತ್ತಿರಲಿಲ್ಲ. ಹೀಗಾಗಿ ಇವರಿಬ್ಬರ ವಾದಕ್ಕೆ ನ್ಯಾಯ ಹೇಳುವವಳು ನಾನೇ.

“ನಮಗ ಪೀಸ್ ಲೆಕ್ಕದ ಮ್ಯಾಲೆ ಪಗಾರ. ಅವರಿಗೂ ಬುಟ್ಟಿಗೆ ಬಿದ್ದ ಚೆಂಡಿಗೆ ಇಷ್ಟು ಅಂತ ಕೊಡ್ಲಿ” ಎಂದ ಲೇತ್‌ನವನು.

“ಖರೇ ಅದ” ಎಂದು ತೀರ್ಪು ಕೊಟ್ಟೆ.

ಒಳಗೆ ರೊಟ್ಟಿ ಬಡಿಯಲು ನಾನು ಪಗಾರಕ್ಕಿಟ್ಟುಕೊಂಡ ಹೆಂಗಸಿನ ಕೈ ನಿಂತಿತು. “ಅಕ್ಕಾರ, ನನಗೂ ರೊಟ್ಟಿಗಿಷ್ಟು ಅಂತ ಕೊಡ್ರಿ. ಇಲ್ಲಂದ್ರ ಎದುರಿನ ಖಾನಾವಳಿಯವರು ಕರೀಲಿಕ್ಕೆ ಹತ್ಯಾರ.”

ಆಕೆ ಹೋದರೆ ನಾನು ಬಾಗಿಲು ಹಾಕಬೇಕು. ನನ್ನ ರೊಟ್ಟಿ ಕಂಬಳಿಯಷ್ಟು ದಪ್ಪ. ಒಪ್ಪಿಕೊಂಡೆ.

ಮರುದಿನ ರೊಟ್ಟಿ ಬುಟ್ಟಿ ಬೇಗ ತುಂಬಿತು. ಒಂದೊಂದು ರೊಟ್ಟಿ ಅಂಗೈಯಷ್ಟಗಲ, ಹಾಳೆಯಷ್ಟು ತೆಳು. ಮೂರು ತಿನ್ನುವವರು ಹನ್ನೊಂದು ತಿಂದರು. ಎತ್ತರದವನು ಒಂದು ರೊಟ್ಟಿಯನ್ನು ಕಣ್ಣೆದುರು ಹಿಡಿದು ಹೇಳಿದ: “ಅಕ್ಕಾರ, ಇದರಾಗಿಂದ ಟೀವಿ ಕಾಣಸ್ತದ್ರಿ.”

೩. ಕುಂತವರಿಗೂ ಪಗಾರ

ಅಂದೇ ತಿಂಗಳ ಪಗಾರಕ್ಕೆ ಮರಳಿದೆವು. ರೊಟ್ಟಿಯವಳು ಎದುರಿನವರ ಕಡೆ ಹೋದಾಳೆಂಬ ಅಂಜಿಕೆ ಮಾತ್ರ ಹೋಗಲಿಲ್ಲ. ಕಾರ್ಖಾನೆಗೆ ವಾರದ ಸೂಟಿ ಇದ್ದ ಒಂದು ದಿನ ಆಕೆ ನಳದ ಹತ್ತಿರ ಜಾರಿ ಬಿದ್ದು ಬಲಗೈ ಉಳುಕಿಸಿಕೊಂಡಳು. ಪಟ್ಟಿ ಕಟ್ಟಿಕೊಂಡು ಬಾಗಿಲಿಗೆ ಬಂದಾಗ ಟೀವಿಯಲ್ಲಿ ಮೊಣಕಾಲಿಗೆ ಪೆಟ್ಟಾದ ಆಟಗಾರನೊಬ್ಬ ಆಡದೆ ಕೋಟು ಹಾಕಿಕೊಂಡು ಕುಳಿತಿದ್ದ.

“ಕುಂತವಂಗ ಒಂದು ಪೈಸಾನೂ ಕೊಡಬಾರದು!” ಎಂದು ಲೇತ್‌ನವನು ಟೇಬಲ್ ಗುದ್ದಿದ.

“ಹಂಗೇನು?” ಎಂದಳು ಆಕೆ. “ಹಂಗಾದ್ರ ನಾ ಎದುರಿನವರ ಕಡೆ ಹೋಗಿ ಕುಂದರ್ತೀನಿ. ಅವರು ಕುಂತ್ರೂ ಕೊಡ್ತಾರಂತ.”

ಮಧ್ಯಾಹ್ನ ಅರವತ್ತು ಮಂದಿ ಉಣ್ಣಲು ಬರುವವರಿದ್ದರು. “ಇಲ್ಲೇ ಕುಂದರವ್ವಾ, ಪೂರಾ ಪಗಾರ ಕೊಡ್ತೀನಿ” ಎಂದು ಆಕೆಗೆ ಸ್ಟೂಲ್ ಹಾಕಿದೆ. ಗೆಳೆಯರಿಬ್ಬರನ್ನೂ ರಟ್ಟೆ ಹಿಡಿದು ಹಿಟ್ಟಿನ ಮುಂದೆ ಕೂರಿಸಿದೆ.

“ಕುದಿ ನೀರು ಹಾಕೋ! ನಾದೋ! ತಿರುವಿ ತಿರುವಿ ಬಡೀ, ಹೊಡೀಬ್ಯಾಡ!” ಆಕೆ ಸ್ಟೂಲಿನ ಮೇಲಿಂದಲೇ ಒದರಿದಳು. ಎತ್ತರದವನ ರೊಟ್ಟಿ ಕೈಜಾರಿ ಸಾರಿನ ಪಾತ್ರೆಗೆ ಬಿತ್ತು. ಲೇತ್‌ನವನು ಹತ್ತು ರೊಟ್ಟಿಗೇ ಭುಜ ಹಿಡಿದುಕೊಂಡ.

“ಅಕ್ಕಾರ, ಈಕಿಗೆ ಪಗಾರ ಎಷ್ಟ್ರೀ?” ಎಂದು ಅವನೇ ಕೇಳಿದ.

ಹೇಳಿದೆ.

“ಅಷ್ಟ ಏನ್ರಿ? ಅಮೆರಿಕಾದಾಗ ಆಗಿದ್ರ ಈಕಿಗೆ ವಿಮಾನ ಕೊಡ್ತಿದ್ರು!”

“ವಿಮಾನ ಬ್ಯಾಡ,” ಎಂದಳು ಆಕೆ. “ಈ ಇಬ್ಬರಿಗೂ ಇನ್ನೊಂದು ದಿನ ಬಡೀಲಿಕ್ಕೆ ಹಚ್ರಿ. ಊರಿಗೆಲ್ಲ ನನ್ನ ಕಿಮ್ಮತ್ತು ಗೊತ್ತಾಗ್ತದ.”

ಆ ಕ್ಷಣವೇ ಪಗಾರ ಏರಿಸಿದೆ.

ಈಗ ಖಾನಾವಳಿಯ ಜಾಗ ನನ್ನದು, ಮೇಲಿನ ಎರಡು ಖೋಲಿ ನನ್ನವು, ಎರಡು ಕಪಾಟು ಪುಸ್ತಕ ನನ್ನವು. ಅದಕ್ಕೆ ಹೋದದ್ದು ತವರಿನ ನಾಲ್ಕು ಬಳೆ, ಹೊಗೆಗೆ ಮಂಜಾದ ಒಂದು ಕಣ್ಣು. ಮತ್ತೆ, ರೊಟ್ಟಿ ಬಡಿಯುವವಳು ತಿಂಗಳ ಕೊನೆಗೆ ಮನೆಗೆ ಒಯ್ಯುವ ಪಗಾರ ಇಂದಿಗೂ ನನಗೆ ಉಳಿಯುವುದಕ್ಕಿಂತ ಹೆಚ್ಚು.